ಬಚ್ಚಲು ನೀರನ್ನ ಬೋರ್‌ವೆಲ್ಲಿಗೆ ಬಿಡಬೇಡಿ ಸ್ವಾಮಿ

ಕೋಲಾರದಲ್ಲಿ ನೆಂಟರ ಹೊಸ ಮನೆ ನೋಡಿ ಈಗ ತಾನೇ ಬಂದೆ. ತಲೆ ಕೆಟ್ಟು ಕೂತಿದ್ದೇನೆ. ನೀರಿನ ವಿಷಯ ಬಂದರೆ ನನ್ನ ಬಾಯಿ ನಿಲ್ಲಲ್ಲ ಅಂತ ನಿಮಗೆ ಗೊತ್ತೇ ಇದೆ.

ಮನೆ ಮುಂದೆ ಬೋರ್‌ವೆಲ್. ನೀರು ಇಂಗಿಸೋಕೆ ಅದರ ಸುತ್ತ ಗುಂಡಿ ತೋಡಿ ಜಲ್ಲಿ, ಮರಳು ತುಂಬಿದ್ದಾರೆ. ತಾರಸಿ ನೀರಿನ ಪೈಪ್ ಅಲ್ಲಿಗೇ ಬರುತ್ತದೆ. ಭಲೇ ಅನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಪೈಪ್ ಕಂಡಿತು. ಬಾಯಲ್ಲಿ ಸೋಪಿನ ನೊರೆ, ಒಂದು ಕೂದಲ ಉಂಡೆ.

"ಇದೇನು ಭಾವ?"

"ವಾಷಿಂಗ್ ಮಷಿನ್ ನೀರು, ಬಚ್ಚಲು ನೀರು. ಒಂದು ಹನಿ ವೇಸ್ಟ್ ಮಾಡಲ್ಲ ಕಣಪ್ಪ!"

ಗುಂಡಿಯೊಳಗೆ ಬೋರಿನ ಕೇಸಿಂಗ್ ಪೈಪಿಗೆ, ಅಂದರೆ ಬೋರ್ ಕುಸಿಯದಂತೆ ಇಳಿಸಿರುವ ಹೊರ ಪೈಪಿಗೆ, ತೂತು ಕೊರೆದು ಮೆಶ್ ಸುತ್ತಿದ್ದಾರೆ. ಅಂದರೆ ಸೋಪು, ಮೈಕೊಳೆ, ಮಗುವಿನ ಚಡ್ಡಿ ತೊಳೆದ ನೀರು ಎಲ್ಲಾ ಜಲ್ಲಿ ದಾಟಿ ನೇರ ಕೆಳಗೆ. ಜಲ್ಲಿ ಕಸ ತಡೆಯುತ್ತೆ, ರೋಗಾಣು ತಡೆಯುತ್ತಾ? ಅದೇ ಬೋರ್ ನೀರು ಮೇಲೆತ್ತಿ ಅಡುಗೆ. ನಮ್ಮ ಕಡೆ ಫ್ಲೋರೈಡ್ ಇರೋದು ಸಾಲದು ಅಂತ!

ಭಾವ ಸುಮ್ನಿರ್ತಾರಾ? "ಬೆಂಗಳೂರಿನ ಕೊಳಚೆ ನೀರೇ 2018ರಿಂದ ನಮ್ಮ ಕೆರೆಗೆ ಬರ್ತಿದೆ, ನನ್ನ ಬಚ್ಚಲು ನೀರು ಯಾವ ಲೆಕ್ಕ?" ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಹೆಸರೆತ್ತಿದರೆ ವಾದ ಗೆದ್ದ ಹಾಗೆ ಇವರಿಗೆ. ಆ ನೀರು ಎರಡು ಹಂತ ಶುದ್ಧೀಕರಣ ಆಗಿ ಬರುತ್ತದೆ. ಅದೂ ಸಾಲದು, ಮೂರನೇ ಹಂತ ಬೇಕು ಅಂತ ನಮ್ಮ ಜನ ಕೂಗಾಡಿದ್ದಾರೆ. ಮೇಲಾಗಿ ಅದು ಕೆರೆಯಲ್ಲಿ ನಿಂತು ಮಣ್ಣಲ್ಲಿ ನಿಧಾನವಾಗಿ ಇಂಗುತ್ತದೆ. ನಿಮ್ಮದು ಬಚ್ಚಲಿಂದ ನೇರ ಬೋರ್ ಬಾಯಿಗೆ!

ಬೇರೆ ಪೈಪ್ ಹಾಕಿಸಿ ಅಂದರೆ ಪ್ಲಂಬರ್ ಜಾಸ್ತಿ ಕೇಳ್ತಾನಂತೆ. ಗೇಟಿಗೆ ಎರಡು ಸಿಂಹದ ಮುಖ, ಬಂಗಾರದ ಬಣ್ಣ ಬೇರೆ. ಅದು ಪುಕ್ಕಟೆ ಬಂತೇನೋ.

ಬೋರ್‌ಗೆ ಮಳೆ ನೀರೊಂದೇ ಸಾಕು. 30x40 ಅಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ ಸಾವಿರ ಲೀಟರ್. ಮೊದಲು ಬರುವ ದೂಳು, ಪಾರಿವಾಳದ ಹಿಕ್ಕೆ ಹೊರಗೆ ಬಿಟ್ಟು ಆಮೇಲಿನದನ್ನ ಹಿಡಿಯಿರಿ. ಅದಕ್ಕೂ ಸೋಸುವ ವ್ಯವಸ್ಥೆ ಬೇಕು, ಬೇಡ ಅಂದವರು ಯಾರು?

ಬಚ್ಚಲು ನೀರು ಬಾಳೆ ಬುಡಕ್ಕೆ, ಕೆಸುವಿಗೆ ಹೋಗಲಿ. ಹಿತ್ತಲಲ್ಲಿ ಹಿಂದೆಲ್ಲಾ ಇದ್ದಿದ್ದೇ ಅದು. ಡ್ರಮ್ಮಲ್ಲಿ ತುಂಬಿಡಬೇಡಿ, ಒಂದು ದಿನ ದಾಟಿದರೆ ನಾರುತ್ತೆ, ಸೊಳ್ಳೆ ಬೇರೆ. ಬ್ಲೀಚ್, ಆಸಿಡ್ ಹಾಕಿದ ನೀರು ಗಿಡಕ್ಕೆ ಬೇಡ. ಹಸಿಯಾಗೇ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬಚ್ಚಲು ನೀರು ಬೇಡವೇ ಬೇಡ.

ನಿಮ್ಮ ಮನೇಲೂ ಎರಡು ಪೈಪ್ ಒಂದೇ ಗುಂಡಿಗೆ ಬಿದ್ದಿದ್ದರೆ ಮೊದಲು ಬೇರೆ ಮಾಡಿಸಿ, ಬೋರ್ ನೀರನ್ನ ಲ್ಯಾಬಿಗೆ ಕೊಡಿ. ಇಲ್ಲಿ ಕಾಮೆಂಟಲ್ಲಿ ವಾದ ಮಾಡೋಕೆ ಬರೋರು ಆ ರಿಪೋರ್ಟ್ ಹಿಡ್ಕೊಂಡೇ ಬನ್ನಿ.