ವಾರ್ಸಾದ ಹಳೇ ಪೇಟೆ ನಕಲಿಯಲ್ಲ, ಭಾವ

ನಿನ್ನೆ ರಾತ್ರಿಯೇ ಬರೆಯಲು ಕುಳಿತಿದ್ದೆ. ಸಿಟ್ಟಿನಲ್ಲಿ ಬೇಡವೆಂದು ಮಲಗಿದೆ. ಬೆಳಗಾದರೂ ಸಿಟ್ಟು ಇಳಿದಿಲ್ಲ.

ಊರಿನಿಂದ ಭಾವ ಬಂದಿದ್ದಾರೆ. ಪೋಲೆಂಡಿನ ಈ ವಾರ್ಸಾಕ್ಕೆ ಯಾರೇ ಬಂದರೂ ನಾನು ಮೊದಲು ಕರೆದೊಯ್ಯುವುದು ಹಳೇ ಪೇಟೆಗೇ ಎಂದು ನಿಮಗೆ ಗೊತ್ತು. ಚೌಕದಲ್ಲಿ, ಕತ್ತಿ ಹಿಡಿದ ಮತ್ಸ್ಯಕನ್ಯೆಯ ಮುಂದೆ ನಿಂತು ಮೊಬೈಲಿನಲ್ಲಿ ಏನೋ ಓದಿದ ಭಾವ, "ಅಯ್ಯೋ, ಇದೆಲ್ಲ ನಕಲಿಯಂತೆ ಮಾರಾಯ! ಕಟ್ಟಿ ಮುಗಿಸಿದ್ದೇ 1953ರಲ್ಲಂತೆ. ನಿಮ್ಮ ಅಜ್ಜನ ಮನೆ ಇದಕ್ಕಿಂತ ಹಳೆಯದಿತ್ತು" ಎಂದರು. ಆಮೇಲೆ ಒಂದು ಫೋಟೊ ಕೂಡ ತೆಗೆಯಲಿಲ್ಲ.

ನಕಲಿ! ಎಷ್ಟು ಜನರ ಬಾಯಲ್ಲಿ ಈ ಮಾತು ಕೇಳಿಸಿಕೊಳ್ಳಲಿ?

1944ರ ಆಗಸ್ಟ್ 1ರಂದು ಈ ಊರಿನ ಜನ ನಾಜಿಗಳ ವಿರುದ್ಧ ದಂಗೆ ಎದ್ದರು. 63 ದಿನ ಕಾದಾಡಿದರು. ಹಳೇ ಪೇಟೆ ಒಂದು ತಿಂಗಳು ತಡೆದುಕೊಂಡಿತು. ಕೊನೆಗೆ ಹೋರಾಟಗಾರರು ನೆಲದಡಿಯ ಚರಂಡಿಗಿಳಿದು, ಕತ್ತಲೆಯಲ್ಲಿ ಹೊಲಸು ನೀರು ತುಳಿಯುತ್ತಾ ಪಾರಾದರು. ದಂಗೆ ಅಡಗಿದ ಮೇಲೂ ಜರ್ಮನ್ನರು ಸುಮ್ಮನಾಗಲಿಲ್ಲ. ಬೀದಿ ಬೀದಿಗೆ ಬೆಂಕಿ ಇಟ್ಟರು, ಡೈನಮೈಟ್ ಇಟ್ಟು ಅರಮನೆಯನ್ನು ಸಿಡಿಸಿದರು. ಈ ಊರು ಇತ್ತೆಂಬ ಗುರುತೇ ಉಳಿಯಬಾರದೆಂದು ಕೂತು ಯೋಚಿಸಿ ಮಾಡಿದ ಕೆಲಸ ಅದು.

ಅಂಥ ಕಲ್ಲುರಾಶಿಯ ಮೇಲೆ ಇದೇ ಊರನ್ನು ಮತ್ತೆ ನಿಲ್ಲಿಸಬೇಕೆಂದು ಹಟ ಹಿಡಿದವರಲ್ಲಿ ವಾಸ್ತುಶಿಲ್ಪಿ ಯಾನ್ ಝಖ್ವಾಟೋವಿಚ್ ಮುಖ್ಯರು. ಇಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯವಾದ ಪಾಲಿಟೆಕ್ನಿಕ್‌ನವರು ಹಳೆಯ ಕಟ್ಟಡಗಳ ಅಳತೆಯ ನಕ್ಷೆಗಳನ್ನು ಪಿಯೊತ್ರ್‌ಕುಫ್‌ನ ಮಠವೊಂದರಲ್ಲಿ ಬಚ್ಚಿಟ್ಟು ಉಳಿಸಿದ್ದರು. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು. 18ನೆಯ ಶತಮಾನದಲ್ಲಿ ಇಟಲಿಯ ಚಿತ್ರಕಾರ ಬೆಲ್ಲೊಟ್ಟೊ ಬರೆದ ಬೀದಿಗಳ ಚಿತ್ರಗಳನ್ನೂ ಮುಂದಿಟ್ಟುಕೊಂಡರು. ಅವಶೇಷಗಳಿಂದ ಇಟ್ಟಿಗೆ ಆಯ್ದರು, ಕೆತ್ತನೆಯ ತುಂಡು ಆಯ್ದರು. ಅರಮನೆಯ ಕೆಲಸ ಶುರುವಾದದ್ದು 1971ರಲ್ಲಿ, ಜನರ ದೇಣಿಗೆಯಿಂದ. ಹಳೇ ಪೇಟೆಯನ್ನು ಯುನೆಸ್ಕೊ 1980ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲು ಇದ್ದ ಹಾಗೆಯೇ ಕಟ್ಟಿಲ್ಲ ಎನ್ನುವವರಿದ್ದಾರೆ. ನಿಜ. 19ನೆಯ ಶತಮಾನದ ಎಷ್ಟೋ ಸೇರ್ಪಡೆಗಳನ್ನು ಕೈಬಿಟ್ಟರು, ಒಳಗೆ ಹೊಸ ಕಾಲಕ್ಕೆ ತಕ್ಕ ಮನೆಗಳನ್ನು ಮಾಡಿದರು. ಮಾಡಲಿ. ತಲೆಯ ಮೇಲೆ ಸೂರಿಲ್ಲದ ಜನ ತಮಗಾಗಿ ಕಟ್ಟಿಕೊಂಡದ್ದಕ್ಕೆ, ರಜೆಯಲ್ಲಿ ಬಂದು ಎರಡು ಗಂಟೆ ಅಡ್ಡಾಡುವವರು ತಪ್ಪು ಹುಡುಕಬೇಕೇ?

ನನಗೇಕೆ ಇಷ್ಟು ಸಿಟ್ಟು ಎಂದು ಭಾವನಿಗೆ ಅರ್ಥವಾಗಲಿಲ್ಲ. ಅವರಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಆ ಅಜ್ಜನ ಮನೆಯನ್ನು ಮಾರಿದೆವಲ್ಲ, ಕೊಂಡವರು ಕೆಡವುತ್ತಾರೆಂದು ಗೊತ್ತಿದ್ದೂ ನಾನು ಒಂದು ಅಳತೆ ಬರೆದಿಟ್ಟುಕೊಳ್ಳಲಿಲ್ಲ. ಜಗಲಿಗೆ ಎಷ್ಟು ಕಂಬಗಳಿದ್ದವೆಂದು ಕೇಳಿದರೆ ನಾನು ಆರು ಎನ್ನುತ್ತೇನೆ, ಅಕ್ಕ ಎಂಟು ಎನ್ನುತ್ತಾಳೆ. ಯಾರ ಲೆಕ್ಕ ಸರಿ ಎಂದು ನೋಡಲು ಏನೂ ಉಳಿದಿಲ್ಲ. ಇಲ್ಲಿಯವರು ಜೀವ ಕೈಯಲ್ಲಿ ಹಿಡಿದುಕೊಂಡು ಕಿಟಕಿ ಬಾಗಿಲುಗಳ ಅಳತೆ ಕಾಪಾಡಿದರು. ಅದನ್ನು ನಕಲಿ ಎಂದರೆ ನನಗೆ ಸಹಿಸಲಾಗುವುದಿಲ್ಲ.

ಸಂತ ಯೋಹಾನರ ಚರ್ಚಿನ ಹೊರಗೋಡೆಯಲ್ಲಿ ಜರ್ಮನ್ನರ ಸ್ಫೋಟಕ ವಾಹನದ ಚೈನಿನ ತುಂಡೊಂದನ್ನು ಹಾಗೆಯೇ ಕೂರಿಸಿದ್ದಾರೆ. ಕೆಂಪು ಇಟ್ಟಿಗೆಯ ನಡುವೆ ಕಪ್ಪು ಕಬ್ಬಿಣ, ಹಲ್ಲು ಹಲ್ಲಾಗಿ. ಅರಮನೆಯ ಪಕ್ಕದಲ್ಲಿ, 1944ರಲ್ಲಿ ಉರುಳಿದ ಸಿಗಿಸ್ಮಂಡ್ ದೊರೆಯ ಕಂಬ ತುಂಡಾಗಿ ಮಲಗಿದೆ. ಹೊಸ ಕಂಬವೇರಿ ನಿಂತಿರುವ ದೊರೆಯ ಕಂಚಿನ ಮೂರ್ತಿ 1644ರದ್ದೇ.

ಭಾವನ ವಿಮಾನ ನಾಳೆ ಮಧ್ಯಾಹ್ನ. ಬೆಳಗ್ಗೆ ಬೇಗ ಎಬ್ಬಿಸಿ, ಮೊಬೈಲ್ ಮನೆಯಲ್ಲೇ ಬಿಡಿಸಿ, ಆ ಗೋಡೆಯ ಮುಂದೆ ನಿಲ್ಲಿಸುತ್ತೇನೆ.