ಇಸ್ವಾಣದ ತಲೆ ಮತ್ತು ಏಳನೆಯ ಆಜ್ಞೆ

2020ರ ಡಿಸೆಂಬರಿನಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳ ಮತದಾನವನ್ನು 22 ಮತ್ತು 27ನೇ ತಾರೀಖಿಗೆ ಗೊತ್ತು ಮಾಡಿದವರಿಗೆ, ನಡುವೆ ನಮ್ಮ ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬ ಬರುತ್ತದೆಂಬುದು ಗೊತ್ತಿದ್ದೇ ಇರಬೇಕು. ಆದರೆ ಅದರಿಂದ ಕಾರವಾರ ಸೀಮೆಯ ಒಬ್ಬ ನಿವೃತ್ತ ಮಾಸ್ತರನ ಆತ್ಮಕ್ಕೆ ಒದಗಬಹುದಾದ ಕಷ್ಟವನ್ನು ಅವರು ಊಹಿಸಿರಲಾರರು. ನಮ್ಮೂರಿನ ಮತದಾನಕ್ಕೆ ಮೂರು ದಿನವಿರುವಾಗ, ಹೊತ್ತು ಮುಳುಗುವ ಸುಮಾರಿಗೆ ಬೈಕಿನಲ್ಲಿ ಬಂದ ಹುಡುಗನೊಬ್ಬ ಗೇಟಿಗೆ ಒಂದು ಚೀಲವನ್ನು ತೂಗುಹಾಕಿ, "ಸರ್, ನೆನಪಿರಲಿ" ಎಂದಷ್ಟೇ ಹೇಳಿ ಹೊರಟುಹೋದ. ಯಾರನ್ನು ನೆನಪಿಡಬೇಕೆಂದು ಅವನು ಹೇಳಲಿಲ್ಲ. ಕೊರೋನಾ ಕಾಲವಾದ್ದರಿಂದ ಮುಖದ ಮೇಲೆ ಮಾಸ್ಕ್ ಬೇರೆ ಇತ್ತು. ಚೀಲದಲ್ಲಿ ಐಸಿನ ಚೂರುಗಳ ನಡುವೆ ಮೂರು ಕಿಲೋಕ್ಕೆ ಕಡಿಮೆಯಿಲ್ಲದ ಇಸ್ವಾಣ ಮೀನೊಂದು ಮಲಗಿತ್ತು. ಬೆಳ್ಳಿಯಂಥ ಮೈ, ಇನ್ನೂ ಮಂಜಾಗದ ಕಣ್ಣು, ಚೀಲದ ಬಾಯಿಂದ ಗೇಣುದ್ದ ಹೊರಚಾಚಿದ ಕವಲು ಬಾಲ.

ಇಗರ್ಜಿಯಲ್ಲಿ ಭಾನುವಾರ ಭಾನುವಾರ ಮಕ್ಕಳಿಗೆ ದಶಾಜ್ಞೆಗಳನ್ನು ಬಾಯಿಪಾಠ ಮಾಡಿಸಿ ಮುದುಕನಾದವನು ನಾನು. ಲಂಚವು ಕಣ್ಣುಳ್ಳವರನ್ನೂ ಕುರುಡು ಮಾಡುತ್ತದೆಂದು ಬೈಬಲಿನ ವಿಮೋಚನಕಾಂಡದ 23ನೇ ಅಧ್ಯಾಯ ಹೇಳುವುದನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಭ್ರಷ್ಟಾಚಾರವನ್ನು ನಮ್ಮ ಕಥೋಲಿಕ ಧರ್ಮೋಪದೇಶ ಗ್ರಂಥವು 'ಕದಿಯಬಾರದು' ಎಂಬ ಏಳನೆಯ ಆಜ್ಞೆಯ ಕೆಳಗೆ ಸೇರಿಸುತ್ತದೆ. (ಬಹುಪಾಲು ಪ್ರೊಟೆಸ್ಟಂಟರ ಎಣಿಕೆಯಲ್ಲಿ ಅದು ಎಂಟನೆಯದು, ಎಣಿಕೆ ಬೇರೆಯಾದರೂ ಮೀನು ಅದೇ.) ಆದ್ದರಿಂದ ಚೀಲವನ್ನು ಮುಟ್ಟದೆ, ಬೆಳಗಾದ ಕೂಡಲೇ ಹಿಂದಿರುಗಿಸತಕ್ಕದ್ದು ಎಂದು ಜಗುಲಿಯ ಮೇಲೆ ನಿಂತು ಘೋಷಿಸಿದೆ.

"ಬೆಳಗಿನ ತನಕ ಗೇಟಿನಲ್ಲೇ ಇದ್ದರೆ ಬೆಕ್ಕು ಹಿಂದಿರುಗಿಸುತ್ತದೆ, ಮಾರಾಯ್ರೇ" ಎಂದಳು ಹೆಂಡತಿ.

ಹೀಗೆ ಮೀನು ಕೇವಲ ರಕ್ಷಣೆಯ ಉದ್ದೇಶದಿಂದ ಒಳಗೆ ಬಂದಿತು. ಫ್ರಿಜ್ಜಿನಲ್ಲಿ ನೆವ್ರಿಗೆಂದು ತುರಿದಿಟ್ಟ ಕಾಯಿ, ಕುಲ್‌ಕುಲ್‌ಗೆ ನಾದಿಟ್ಟ ಹಿಟ್ಟು ಎಲ್ಲ ತುಂಬಿಕೊಂಡಿದ್ದವು. ಹೇಗೆ ಓರೆ ಮಾಡಿ ಇಟ್ಟರೂ ಬಾಲ ಹೊರಗುಳಿದು ಬಾಗಿಲು ಮುಚ್ಚಲೊಲ್ಲದು. ಬಾಗಿಲು ಮುಚ್ಚದಿದ್ದರೆ ಹಬ್ಬದ ತಿಂಡಿಯೂ ಹಾಳು ಎಂಬ ಕಾರಣಕ್ಕೆ ಬಾಲ ಹೋಯಿತು. ಬಾಲ ಹೋದ ಮೇಲೂ ಎರಡು ಬೆರಳಿನಷ್ಟು ಉದ್ದ ಹೆಚ್ಚಾಯಿತೆಂದು ತಲೆ ಹೋಯಿತು. ಪ್ರತಿಯೊಂದು ಹಂತದಲ್ಲೂ ನನ್ನ ಒಪ್ಪಿಗೆಯನ್ನು ಕೇಳಲಾಯಿತು, ಪ್ರತಿಯೊಂದಕ್ಕೂ ನಾನು ತಲೆಯಾಡಿಸಿದೆ. ಕೊನೆಗೆ ಅವಳು, "ಉಳಿದದ್ದು ಇರಲಿ, ತಲೆ ಮಾತ್ರ ಇಟ್ಟರೆ ಕೆಡುತ್ತದೆ" ಎಂದಾಗ, ನನ್ನದು ಆಗಲೇ ಕೆಟ್ಟಿತ್ತಾದ್ದರಿಂದ ಮಾತಾಡಲಿಲ್ಲ. ಒಂಬತ್ತು ಗಂಟೆಗೆ ಹುಮಣದ, ಅಂದರೆ ಮೀನುಸಾರಿನ, ಪರಿಮಳ ಜಗುಲಿಗೆ ಬಂದಿತು, ನಾನು ಒಳಗೆ ಹೋದೆ.

ರಾಜಕಾರಣಿಗಳ ಪಾಲಕ ಸಂತ ಥಾಮಸ್ ಮೋರ್. 2000ನೇ ಇಸವಿಯಲ್ಲಿ ಎರಡನೇ ಜಾನ್ ಪಾಲ್ ಪೋಪರು ಅವರನ್ನು ಹಾಗೆ ಘೋಷಿಸಿದರು. ಇಂಗ್ಲೆಂಡಿನ ಚಾನ್ಸಲರ್ ಆಗಿದ್ದವರು, ಮನಸ್ಸಾಕ್ಷಿ ಒಪ್ಪದ ಒಂದು ಪ್ರಮಾಣವಚನವನ್ನು ಸ್ವೀಕರಿಸಲೊಲ್ಲದೆ 1535ರಲ್ಲಿ ಎಂಟನೇ ಹೆನ್ರಿಯ ಕೊಡಲಿಗೆ ತಲೆ ಕೊಟ್ಟರು. ಮನಸ್ಸಾಕ್ಷಿಯನ್ನು ಉಳಿಸಿಕೊಳ್ಳಲು ಅವರು ತಲೆ ಕೊಟ್ಟರು, ನಾನು ತಲೆ ತಿಂದು ಮನಸ್ಸಾಕ್ಷಿಯನ್ನು ಕೊಟ್ಟೆ ಎಂಬ ವಿಚಾರ ರಾತ್ರಿ ಎರಡು ಗಂಟೆಗೆ ಹೊಳೆದು, ಮತ್ತೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಪೂಜೆ ಮುಗಿಸಿಕೊಂಡು ನೇರವಾಗಿ ಕಾರವಾರದ ಮೀನು ಮಾರುಕಟ್ಟೆಗೆ ಹೋದೆ. ಲೂಕನ ಸುವಾರ್ತೆಯ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಯೇಸುವಿಗೆ ಮಾತು ಕೊಟ್ಟನಲ್ಲ, ಆ ಲೆಕ್ಕದಲ್ಲಿ ನಾಲ್ಕು ಇಸ್ವಾಣ ಆಗಬೇಕಿತ್ತು; ಆದರೆ ಅಂದಿನ ಧಾರಣೆ ಕಿಲೋಕ್ಕೆ ಎಂಟುನೂರು ಎಂದು ಕೇಳಿದ ಮೇಲೆ, ಜಕ್ಕಾಯ ಸುಂಕದವರ ಮುಖ್ಯಸ್ಥ, ನಾನು ಪಿಂಚಣಿದಾರ ಎಂಬ ವ್ಯತ್ಯಾಸವನ್ನು ಮನಗಂಡು ಒಂದನ್ನೇ ತೂಗಿಸಿದೆ. "ಮನೆಗೆ ನೆಂಟರು ಬಂದಿದ್ದಾರೇನು, ಮಾಸ್ತರೇ?" ಎಂದು ಮೀನಿನವಳು ಕೇಳಿದಳು. ಹೌದು ಎಂದುಬಿಟ್ಟೆ. ಏಳನೆಯ ಆಜ್ಞೆಯನ್ನು ರಿಪೇರಿ ಮಾಡಲು ಹೊರಟವನ ಕೈಯಲ್ಲಿ, ಸುಳ್ಳು ಹೇಳಬಾರದೆಂಬ ನಮ್ಮ ಎಂಟನೆಯದು ಮುರಿಯಿತು.

ಇನ್ನು, ಯಾರಿಗೆ ಹಿಂದಿರುಗಿಸುವುದು? ಕಣದಲ್ಲಿದ್ದ ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಬ್ಬರೂ ಒಂದೇ ತಪ್ಪುಗಳನ್ನು ಒಂದೇ ಕ್ರಮದಲ್ಲಿ ಬರೆದಿದ್ದರು. ಯಾರು ಯಾರದನ್ನು ನೋಡಿ ಬರೆದರೆಂಬುದು ಇಂದಿಗೂ ನನಗೆ ಬಗೆಹರಿದಿಲ್ಲ. ಮೊದಲನೆಯವನ ಮಾವನಿಗೆ ಬೋಟ್ ಇದೆ ಎಂಬ ಒಂದೇ ಪುರಾವೆಯ ಮೇಲೆ ಇಸ್ವಾಣ ಅವನದೇ ಎಂದು ತೀರ್ಮಾನಿಸಿ, ಇಗರ್ಜಿಯ ಅಂಗಳದಲ್ಲಿ ಬೇರೆ ಇಬ್ಬರ ಕಿವಿಯಲ್ಲಿ ಅದನ್ನು ಹೇಳಿಯೂ ಬಂದಿದ್ದೆ. ಬಾಲ ಹೊರಗೆ ಕಾಣುವ ಚೀಲವನ್ನು ಹಿಡಿದು ಬಸ್ಸಿಳಿದು, ಊರಿನ ಇಡೀ ಮುಖ್ಯರಸ್ತೆಯನ್ನು ನಡೆದು ಅವನ ಮನೆ ತಲುಪಿದಾಗ, ಜಗುಲಿಯಲ್ಲಿ ಹತ್ತು ಹನ್ನೆರಡು ಮಂದಿ ಚಹಾ ಕುಡಿಯುತ್ತಿದ್ದರು. "ತಗೋ ನಿನ್ನ ಮೀನು" ಎಂದೆ, ಸಾಧ್ಯವಾದಷ್ಟು ಗಡುಸಾಗಿ.

ಅವನು ಎದ್ದು ಬಂದು ನನ್ನ ಕಾಲಿಗೆ ನಮಸ್ಕರಿಸಿದ. "ನಾನು ಯಾವ ಮೀನನ್ನೂ ಕಳಿಸಿಲ್ಲ, ಸರ್. ಆದರೆ ಗುರುಗಳು ತಾವಾಗಿ ಹೊತ್ತು ತಂದದ್ದನ್ನು ಬೇಡ ಎನ್ನಲೇ?" ಎಂದು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಕಳಿಸಿದ. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಮಧ್ಯಾಹ್ನದೊಳಗೆ, ಮಾಸ್ತರರು ಯಾರ ಕಡೆಗೆಂಬುದು ಊರಿಗೆಲ್ಲ ಗೊತ್ತಾಯಿತು.

ಸಂಜೆ ಎರಡನೆಯವನು ಬಂದ. ಮೀನು ನಿನ್ನದೋ ಎಂದು ಕೇಳಿದರೆ, ಪರೀಕ್ಷೆಯ ದಿನ ಅರಳಿದ್ದ ಅದೇ ಕಣ್ಣುಗಳನ್ನು ಅರಳಿಸಿ, "ಯಾವ ಮೀನು, ಸರ್?" ಎಂದ. ಹೊರಡುವಾಗ ಮೆಟ್ಟಿಲಲ್ಲಿ ನಿಂತು, "ಅವನಿಗೆ ಇಸ್ವಾಣ ಕೊಟ್ಟಿರಿ. ನಾನೂ ನಿಮ್ಮ ಶಿಷ್ಯನೇ ಅಲ್ಲವೇ, ನನಗೊಂದು ಬಂಗಡೆಯನ್ನಾದರೂ ತರಬಾರದಿತ್ತೇ?" ಎಂದು ಕೇಳಿದ. ಅವನ ದನಿಯಲ್ಲಿ ನಿಜವಾದ ನೋವಿತ್ತು.

ವಕೀಲಿ ಮಾಡುವ ತಂಗಿಯ ಮಗನಿಗೆ ಫೋನು ಮಾಡಿದೆ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 171ಬಿ ಕಲಮಿನ ಪ್ರಕಾರ ಮತಕ್ಕಾಗಿ ಲಂಚ ಕೊಟ್ಟವನೂ ತಪ್ಪಿತಸ್ಥ, ಪಡೆದವನೂ ತಪ್ಪಿತಸ್ಥ. ಒಂದು ವರ್ಷದವರೆಗೆ ಸೆರೆಮನೆ ಆಗಬಹುದು, ಆದರೆ ಲಂಚವು ಊಟ, ಪಾನೀಯ, ದಿನಸಿಯ ರೂಪದಲ್ಲಿದ್ದರೆ ದಂಡ ಮಾತ್ರ ಎಂದು ಅವನು ವಿವರಿಸಿ, "ಚಿಂತೆ ಬೇಡ ಮಾವ, ನಿಮ್ಮದು ಊಟದ ಬಾಬತ್ತು" ಎಂದು ಸಮಾಧಾನ ಹೇಳಿದ. ಕಾನೂನು ಇಸ್ವಾಣದ ಬಗ್ಗೆ ಇಷ್ಟು ಮೃದುವಾಗಿರುವುದು ನನಗೆ ಸಮಾಧಾನ ತರಲಿಲ್ಲ. ದಶಾಜ್ಞೆಗಳನ್ನು ಕೆತ್ತಿದ ಮೋಶೆಯ ಕಲ್ಲಿನ ಹಲಗೆಗಳಲ್ಲಿ ಊಟದ ಬಾಬತ್ತು ಎಂಬ ಉಪಕಲಮು ಇಲ್ಲ.

ಮರುದಿನ ಪಾಪನಿವೇದನೆಗೆ ಹೋದೆ. ಫಾದರ್ ಎಲ್ಲವನ್ನೂ ಕೇಳಿ, ತಿಂದ ಮೀನಿನ ಬೆಲೆಯನ್ನು ಬಡವರ ಡಬ್ಬಿಗೆ ಹಾಕಬೇಕೆಂದೂ, ಅಂಗಳದಲ್ಲಿ ಯಾರ ಕಿವಿಯಲ್ಲಿ ಹೇಳಿದ್ದೇನೋ ಅದೇ ಕಿವಿಗಳಿಗೆ ಹೋಗಿ 'ನನಗೆ ಗೊತ್ತಿಲ್ಲದೆ ಹೇಳಿದೆ' ಎಂದು ಒಪ್ಪಿಕೊಳ್ಳಬೇಕೆಂದೂ ವಿಧಿಸಿದರು. ಮೊದಲನೆಯದು ಸುಲಭವಾಯಿತು. ಎರಡನೆಯದಕ್ಕೆ ಹೋದಾಗ, ಆ ಇಬ್ಬರೂ ಫೋಟೋ ನೋಡಿದವರೇ ಆಗಿದ್ದರಿಂದ, "ಗೊತ್ತಾಯಿತು ಮಾಸ್ತರೇ, ಈಗ ನೀವು ಅವನ ಪರವಲ್ಲವೇ" ಎಂದು ಕಣ್ಣು ಮಿಟುಕಿಸಿದರು.

ಎಲ್ಲಕ್ಕಿಂತ ದೊಡ್ಡ ಇಕ್ಕಟ್ಟು ಎದುರಾದದ್ದು ಮತಗಟ್ಟೆಯ ಸಾಲಿನಲ್ಲಿ. ನಮ್ಮ ಕೇರಿಯ ಗಟಾರವನ್ನು ನಿಂತು ಕಟ್ಟಿಸಿದವನು ಮೊದಲನೆಯವನು. ಅವನಿಗೇ ಮತ ಎಂದು ನಾನು ಮೀನು ಬರುವುದಕ್ಕೆ ತಿಂಗಳು ಮೊದಲೇ ನಿಶ್ಚಯಿಸಿದ್ದೆ. ಈಗ ಅವನಿಗೆ ಹಾಕಿದರೆ, ಮೀನು ಅವನದೇ ಆಗಿದ್ದಲ್ಲಿ, ಲಂಚ ಫಲಿಸಿದಂತಾಗುತ್ತದೆ. ಹಾಕದಿದ್ದರೆ, ಮೀನು ಅವನದಲ್ಲದಿದ್ದಲ್ಲಿ, ಮಾಡದ ತಪ್ಪಿಗೆ ಶಿಕ್ಷೆ ಕೊಟ್ಟಂತಾಗುತ್ತದೆ. ಎರಡನೆಯವನಿಗೆ ಹಾಕಿದರೆ, ಮೀನು ಅವನದಾಗಿದ್ದಲ್ಲಿ, ಪುನಃ ಅದೇ ಕಥೆ. ಬೇರೆಯವರು ಕಿರುಬೆರಳಲ್ಲಿ ಮಾಡಿದಷ್ಟು ಸಲೀಸಾಗಿ ಮುಗಿಸುವ ಕೆಲಸಕ್ಕೆ, ಮುದ್ರೆಯನ್ನು ಕೈಯಲ್ಲಿ ಹಿಡಿದು ರಟ್ಟಿನ ಮರೆಯಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೆಂದರೆ, ಮತಗಟ್ಟೆಯ ಅಧಿಕಾರಿ, "ಆರಾಮಿದ್ದೀರಾ, ಅಜ್ಜ?" ಎಂದು ಕೇಳಿದರು.

ಮನೆಗೆ ಬಂದಾಗ ಊಟ ಬಡಿಸಿಟ್ಟಿತ್ತು. ತಟ್ಟೆಯ ಅಂಚಿನಲ್ಲಿ ರವೆ ಹಚ್ಚಿ ಹುರಿದ ಎರಡು ತುಂಡುಗಳು ಹೊಂಬಣ್ಣದಲ್ಲಿದ್ದವು. ನಾನು ಹೆಂಡತಿಯ ಮುಖ ನೋಡಿದೆ.

"ಮತ ಹಾಕಿ ಆಯಿತಲ್ಲ, ಬೆಲೆಯೂ ಡಬ್ಬಿಗೆ ಬಿದ್ದಾಯಿತು" ಎಂದಳು ಅವಳು. "ಇನ್ನದು ಬರೀ ಮೀನು."

ವಾದದಲ್ಲಿ ಎಲ್ಲೋ ಒಂದು ತೂತು ಇದೆ ಎಂದು ನನಗೆ ಅನ್ನಿಸಿತು. ಆದರೆ ಬಿಸಿ ಆರುತ್ತಿತ್ತು. ಶಾಯಿ ಹಚ್ಚಿದ ಬೆರಳಿದ್ದ ಎಡಗೈಯನ್ನು ಮೇಜಿನ ಕೆಳಗಿಟ್ಟುಕೊಂಡು ಊಟಕ್ಕೆ ಕುಳಿತೆ.