ಮುಖ ಸರಿ ಮಾಡ್ಕೊಳ್ಳಿ

"ಅಪ್ಪಾ, ಸ್ವಲ್ಪ ಮುಖ ಸರಿ ಮಾಡ್ಕೊಳ್ಳಿ" ಅಂತ ಮಗಳು ನಾಲ್ಕನೇ ಸಲ ಹೇಳಿದಾಗ ನನಗೆ ರೇಗಿತು. ಡಲ್ಲಾಸ್‌ನಿಂದ ದಕ್ಷಿಣಕ್ಕೆ ವಾಕ್ಸಹ್ಯಾಚಿ ಅಂತ ಊರು. ಬೆನ್ನ ಹಿಂದೆ ಎಲ್ಲಿಸ್ ಕೌಂಟಿಯ ಕೋರ್ಟು, ಕಣ್ಣಿಗೆ ನೇರ ಟೆಕ್ಸಸ್ ಬಿಸಿಲು. ಮುಖ ಇನ್ನು ಹೇಗಿರಬೇಕು?

ಕಟ್ಟಡ ಚೆನ್ನಾಗಿದೆ, ತಕರಾರಿಲ್ಲ. ಜೇಮ್ಸ್ ರೈಲಿ ಗಾರ್ಡನ್ ನಕ್ಷೆ ಬರೆದದ್ದು, 1897ರಲ್ಲಿ ಮುಗಿದದ್ದು. ಕೆಂಪು ಮರಳುಗಲ್ಲು, ಗುಲಾಬಿ ಗ್ರಾನೈಟು, ದಪ್ಪ ಕಮಾನು, ನೆತ್ತಿಯಲ್ಲಿ ಗಡಿಯಾರ. ನಮ್ಮ ಕಡೆ ತೇರುಬೀದಿಗಳ ನಡುವೆ ದೇವಸ್ಥಾನ ಇದ್ದ ಹಾಗೆ ಅಲ್ಲಿ ಊರ ಚೌಕದ ನಡುವೆ ಕೋರ್ಟು.

ಅಳಿಯ ಕಂಬಗಳ ತಲೆಯ ಮೇಲಿನ ಮುಖ ತೋರಿಸಿದ. ಕಲ್ಲು ಕೆತ್ತಲು ಬಂದವನೊಬ್ಬ ತಾನು ಉಳಿದಿದ್ದ ಮನೆಯ ಹುಡುಗಿ ಮೇಬಲ್ ಫ್ರೇಮ್‌ಗೆ ಮನಸೋತನಂತೆ. ಮೊದಲು ಅವಳ ಚಂದದ ಮುಖ ಕೆತ್ತಿದ. ಅವಳು ಒಲ್ಲೆ ಅಂದಳು. ಆಮೇಲೆ ಕಂಬದಿಂದ ಕಂಬಕ್ಕೆ ಅದೇ ಮುಖ ಸೊಟ್ಟಗಾಗುತ್ತಾ, ಹಲ್ಲು ಕಿರಿಯುತ್ತಾ, ಕೊನೆಗೆ ಪೂರ್ತಿ ದೆವ್ವ. "ಪಾಪ, ಎಷ್ಟು ನೊಂದಿದ್ದನೋ ಅಲ್ವಾ ಮಾವ?"

ಪಾಪವಂತೆ! ಸರ್ಕಾರದ ಕಲ್ಲು, ಸರ್ಕಾರದ ಕೂಲಿ, ಸೇಡು ಮಾತ್ರ ಸ್ವಂತದ್ದು. ಅದೂ ಕೋರ್ಟಿನ ಬಾಗಿಲಲ್ಲೇ, ಆ ಹುಡುಗಿಯ ಪರ ವಕಾಲತ್ತು ಹಾಕುವವರಿಲ್ಲದೆ. ಇತಿಹಾಸ ಬಲ್ಲವರು ಇದು ಬರೀ ಕಟ್ಟುಕಥೆ ಅಂತಾರೆ. ಹಾಗಾದರೆ ಇನ್ನೂ ಅನ್ಯಾಯ! ಬೇಡ ಅನ್ನದೆಯೇ ಬೈಸಿಕೊಂಡಳು.

ನಮ್ಮೂರಲ್ಲೂ ನಾಟಕದ ಪರದೆ ಬರೆಯುವವನೊಬ್ಬನಿದ್ದ. ಹೆಣ್ಣು ಕೊಡದವರ ಮೇಲಿನ ಸಿಟ್ಟಿಗೆ ಪಂಚವಟಿ ಪರದೆಯ ಮೂಲೆಯಲ್ಲಿ ನಿಂತ ಶೂರ್ಪನಖಿಗೆ ಆ ಹುಡುಗಿಯ ಮೂಗನ್ನೇ ಬರೆದುಬಿಟ್ಟ, ನತ್ತಿನ ಸಮೇತ. ಜಾತ್ರೆಗೆ ಬಂದವರೆಲ್ಲ ಗುರುತು ಹಿಡಿದರು. ಹುಡುಗಿಯ ತಾಯಿ ಮಾರನೇ ದಿನ ಅವನ ಮನೆ ಮುಂದೆ ನಿಂತು ಮೂರು ತಲೆಮಾರಿಗೆ ಆಗುವಷ್ಟು ಬೈದು, ಬಣ್ಣದ ಡಬ್ಬಿಗಳನ್ನೆಲ್ಲ ಚರಂಡಿಗೆ ಸುರಿದು, ನೀರು ಕುಡಿದು ಮತ್ತೆ ಬೈದರು. ಪರದೆ ಎರಡೇ ಮಳೆಗಾಲಕ್ಕೆ ಕೊಳೆಯಿತು, ಹುಡುಗಿ ಬಚಾವಾದಳು. ಕಲ್ಲು ಎಲ್ಲಿ ಕೊಳೆಯುತ್ತದೆ?

ಗಾರ್ಡನ್ ಆ ಸೆಕೆಯಲ್ಲಿ ಗಾಳಿಯಾಡಲಿ ಅಂತ ಮೂಲೆಗಳಲ್ಲಿ ಜಗಲಿ, ನಡುವೆ ಗೋಪುರ ಹೇಗೆ ಜೋಡಿಸಿದ್ದ ಅಂತ ಬರೆಯಲು ಕೂತಿದ್ದೆ ನಾನು. ಇರಲಿ.

ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಸರಿಯಾಗಿ ನನ್ನ ತಲೆಯ ಮೇಲೆ ಒಂದು ಕಲ್ಲಿನ ಮುಖ, ಹಲ್ಲು ಕಿರಿದುಕೊಂಡು. ಶಿವಮೊಗ್ಗದಿಂದ ತಂಗಿ ಕೇಳಿದ್ದಾಳೆ: "ಅಣ್ಣಾ, ಇದರಲ್ಲಿ ನೀನು ಯಾವುದು?"